ಎಲೆ ಉದುರಿದ ಮರದಡಿ ಫೆಬ್ರವರಿಯ ಹೂಗಳು

ಲಂಡನ್ನಿನ ನಿಮ್ಮ ಹಿತ್ತಲಿನಲ್ಲಿ ದೊಡ್ಡ ಮರದ ನೆರಳಿದೆ, ಚಳಿ ಮುಗಿಯುವ ಮೊದಲೇ ಅರಳುವ ಗೆಡ್ಡೆಹೂಗಳು ಅಲ್ಲಿ ಬಂದಾವೇ ಎಂದು ಕೇಳಿದ್ದೀರಿ. ಆ ಮರ ಚಳಿಗಾಲದಲ್ಲಿ ಎಲೆ ಉದುರಿಸುವ ಜಾತಿಯದಾಗಿದ್ದರೆ ಖಂಡಿತ ಬರುತ್ತವೆ. ನಿತ್ಯಹಸಿರಿನ ದಟ್ಟ ನೆರಳಾದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಬರಿಗೊಂಬೆಗಳ ನಡುವೆ ನೆಲಕ್ಕೆ ಬೀಳುವ ಬೆಳಕಿನಲ್ಲಿಯೇ ಸ್ನೋಡ್ರಾಪ್, ವಿಂಟರ್ ಅಕೊನೈಟ್, ಸೈಕ್ಲಮೆನ್ ಕೋಮ್, ಅನೆಮೊನೆ ಬ್ಲಾಂಡಾಗಳು ಹೂಬಿಟ್ಟು, ಮುಂದಿನ ವರ್ಷದ ಆಹಾರವನ್ನು ಗೆಡ್ಡೆಯಲ್ಲಿ ಕೂಡಿಟ್ಟುಕೊಂಡು, ಮರ ಚಿಗುರಿ ನೆರಳು ಕವಿಯುವ ಹೊತ್ತಿಗೆ ತಮ್ಮ ಕೆಲಸವನ್ನು ಬಹುಮಟ್ಟಿಗೆ ಮುಗಿಸಿರುತ್ತವೆ. ನಮ್ಮೂರಿನ ಸುವರ್ಣಗೆಡ್ಡೆ ಬೇಸಿಗೆಯಲ್ಲಿ ಮಲಗಿದ್ದು ಮಳೆಗೆ ಏಳುವಂತೆ, ಇವು ಬೇಸಿಗೆಯಲ್ಲಿ ಮಲಗಿದ್ದು ಚಳಿಗೆ ಏಳುತ್ತವೆ.

ನಾನು ಮೊದಲ ವರ್ಷ ಮಾಡಿದ ತಪ್ಪನ್ನು ನೀವು ಮಾಡಬಾರದು. ಅಕ್ಟೋಬರಿನಲ್ಲಿ ಒಣಗಿದ ಸ್ನೋಡ್ರಾಪ್ ಗೆಡ್ಡೆಗಳನ್ನು ತಂದು ಸೇಬಿನ ಮರದ ಬುಡದಲ್ಲಿ ಐವತ್ತು ನೆಟ್ಟೆ, ಮೇಲೆ ಬಂದದ್ದು ಏಳು. ಈ ಗೆಡ್ಡೆ ಒಣಗಿದರೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ಹೂ ಮುಗಿದ ಮೇಲೆ, ಫೆಬ್ರವರಿ ಕೊನೆ ಅಥವಾ ಮಾರ್ಚಿನಲ್ಲಿ, ಹಸಿರೆಲೆಯ ಸಮೇತ ಮಾರುವ ಸಸಿಗಳನ್ನೇ ಕೊಂಡು, ತಂದ ದಿನವೇ ನೆಡಿ. ಕಾಂಡದ ಬುಡ ಬೆಳ್ಳಗೆ ಇರುವಷ್ಟು ಭಾಗ ಹಿಂದೆ ಮಣ್ಣಿನೊಳಗಿತ್ತು; ಅಷ್ಟೇ ಆಳ ಸಾಕು.

ಅಕೊನೈಟ್ ಮತ್ತು ಅನೆಮೊನೆಯ ಗೆಡ್ಡೆಗಳು ಒಣಶುಂಠಿಯ ಚೂರಿನಂತೆ ಇರುತ್ತವೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸುಮಾರು 5 ಸೆಂ.ಮೀ. ಆಳದಲ್ಲಿ ಹಾಕಿ, ತಲೆ ಯಾವುದು, ಬುಡ ಯಾವುದು ಎಂದು ತಿಳಿಯದಿದ್ದರೆ ಅಡ್ಡಲಾಗಿ ಇಟ್ಟರೂ ಮೊಳಕೆ ದಾರಿ ಕಂಡುಕೊಳ್ಳುತ್ತದೆ. ಅಕೊನೈಟ್ ವಿಷದ ಗಿಡ, ಸಣ್ಣ ಮಕ್ಕಳಿರುವ ಮನೆಯಲ್ಲಿ ಎಚ್ಚರ ಬೇಕು.

ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಸೈಕ್ಲಮೆನ್ ಕೋಮ್. ಕುಂಡದಲ್ಲಿ ಬೆಳೆದ ಗಿಡವನ್ನೇ ಕೊಳ್ಳುವುದು ಒಳ್ಳೆಯದು. ಹೂ ಉದುರಿದ ಮೇಲೆ ಅದರ ತೊಟ್ಟು ಸ್ಪ್ರಿಂಗಿನಂತೆ ಸುರುಳಿ ಸುತ್ತಿ ಬೀಜಕೋಶವನ್ನು ನೆಲಕ್ಕೆ ಎಳೆದುಕೊಳ್ಳುತ್ತದೆ; ಕೋಶ ಒಡೆದಾಗ ಬೀಜದ ಮೇಲಿನ ಸಿಹಿ ಅಂಟಿಗೆ ಇರುವೆಗಳು ಬಂದು ಹೊತ್ತೊಯ್ಯುತ್ತವೆ. ನಾನು ನೆಟ್ಟದ್ದು ಮೂರು ಗಿಡ, ಈಗ ಕಲ್ಲುಹಾಸಿನ ಸಂದಿಯಲ್ಲೂ ಪುಟ್ಟ ಎಲೆಗಳಿವೆ.

ಮರದ ಬೇರು ನೆಲದ ತೇವವನ್ನೆಲ್ಲ ಹೀರುವುದರಿಂದ ಪ್ರತಿ ಶರತ್ಕಾಲದಲ್ಲಿ ಕೊಳೆತ ಎಲೆಗೊಬ್ಬರವನ್ನು ತೆಳುವಾಗಿ ಹರಡಿ. ಹೂ ಹೋದ ಮೇಲೆ ಎಲೆಗಳು ತಾವಾಗಿ ಹಳದಿಯಾಗುವವರೆಗೆ ಕತ್ತರಿಸಬೇಡಿ. ಜೂನಿನಲ್ಲಿ ಆ ಜಾಗ ಬರಿನೆಲದಂತೆ ಕಾಣುವುದರಿಂದ, ಬೇರೇನೋ ನೆಡಲು ಹೋಗಿ ಗೆಡ್ಡೆಗಳಿಗೆ ಗುದ್ದಲಿ ತಗಲದಂತೆ ಈಗಲೇ ಸುತ್ತ ನಾಲ್ಕು ಕಡ್ಡಿ ಊರಿಡಿ.