ವಿಡಿಯೊದಲ್ಲಿರುವ ರೈತ ಯಾವ ಊರಿನವನು?

ಪ್ರಶ್ನೆ: ನಾನು ಸಾಫ್ಟ್‌ವೇರ್ ಇಂಜಿನಿಯರ್, ವಯಸ್ಸು 24. ತಿಪಟೂರು ಹತ್ತಿರ ಅಪ್ಪನಿಗೆ ಎರಡು ಎಕರೆ ಖುಷ್ಕಿ ಜಮೀನಿದೆ. ಸಣ್ಣ ರೈತರಿಗೆ ಬೇಸಾಯದ ಮಾಹಿತಿ ಕೊಡುವ ಆ್ಯಪ್ ಮಾಡಿದ್ದೇನೆ. ಊರಿನಲ್ಲಿ 40 ಜನರ ಫೋನಿಗೆ ನಾನೇ ಹಾಕಿಕೊಟ್ಟೆ. ತಿಂಗಳಾದ ಮೇಲೆ ನೋಡಿದರೆ ಮೂವರು ಮಾತ್ರ ತೆರೆಯುತ್ತಿದ್ದಾರೆ. ಅಪ್ಪನೂ ತೆರೆಯುವುದಿಲ್ಲ. ಕೆಲಸ ಬಿಟ್ಟು ಇದಕ್ಕೇ ಇಳಿಯಬೇಕು ಅಂದುಕೊಂಡಿದ್ದೆ. ಈಗ ಏನು ಮಾಡಲಿ?

ಉತ್ತರ: ಅಪ್ಪ ತೆರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಅವರ ಹತ್ತಿರ ಕೂತು ಒಂದು ಮಾತು ಕೇಳಿ. ಈ ಹತ್ತು ವರ್ಷದಲ್ಲಿ ಹೊಲದಲ್ಲಿ ಹೊಸದಾಗಿ ಏನು ಮಾಡಿದ್ರಿ, ಅದನ್ನ ಯಾರನ್ನ ನೋಡಿ ಕಲಿತ್ರಿ? ಅವರು ಯಾವುದೋ ಪುಸ್ತಕದ ಹೆಸರು ಹೇಳುವುದಿಲ್ಲ. ಪಕ್ಕದ ಹೊಲದವರ ಹೆಸರೋ, ಬೀಗರ ಹೆಸರೋ ಹೇಳುತ್ತಾರೆ. ನಿಮ್ಮ ಕೆಲಸ ಅಲ್ಲಿಂದ ಶುರುವಾಗಲಿ.

ನಿಮ್ಮದೇ ವಯಸ್ಸಿನಲ್ಲಿ ಇದೇ ದಾರಿಗೆ ಬಂದ ಒಬ್ಬರ ಕತೆ ಹೇಳುತ್ತೇನೆ. ರಿಕಿನ್ ಗಾಂಧಿ ಅಮೆರಿಕದಲ್ಲಿ ಬೆಳೆದವರು. ಗಗನಯಾತ್ರಿಯಾಗುವ ಆಸೆ ಇತ್ತು. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿಮಾನ, ಅಂತರಿಕ್ಷದ ಇಂಜಿನಿಯರಿಂಗ್ ಓದಿದರು. ಗೆಳೆಯರ ಜೈವಿಕ ಇಂಧನದ ಯೋಜನೆಗೆ ಕೈಜೋಡಿಸಲು ಭಾರತಕ್ಕೆ ಬಂದರು. ಆಮೇಲೆ 2006ರಲ್ಲಿ ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾ ಕೇಂದ್ರ ಸೇರಿಕೊಂಡರು. ಅಲ್ಲಿನ ಸಂಶೋಧಕ ಕೆಂಟಾರೊ ಟೊಯಾಮ ಮತ್ತು ಇತರರ ಜೊತೆ, ನಮ್ಮ ಕರ್ನಾಟಕದ ಗ್ರೀನ್ ಫೌಂಡೇಶನ್ ಅನ್ನುವ ಸ್ವಯಂಸೇವಾ ಸಂಸ್ಥೆಯ ಸಹಾಯದಿಂದ, ನಮ್ಮದೇ ಹಳ್ಳಿಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಅದರ ಹೆಸರು ಡಿಜಿಟಲ್ ಗ್ರೀನ್. 2008ರಲ್ಲಿ ಅದು ಬೇರೆ ಸಂಸ್ಥೆಯೇ ಆಯಿತು. ಆಮೇಲೆ ಇಥಿಯೋಪಿಯದವರೆಗೂ ಹೋಯಿತು.

ಅವರು ಮಾಡಿದ್ದು ಇಷ್ಟೇ. ಊರಿನ ರೈತರೇ ತಮ್ಮ ಹೊಲದಲ್ಲಿ ನಿಂತು, ತಮ್ಮ ಮಾತಿನಲ್ಲಿ, ಒಂದು ಕೆಲಸ ಮಾಡಿ ತೋರಿಸುವ ಸಣ್ಣ ವಿಡಿಯೊ. ಅದನ್ನು ಸಂಜೆ, ಹೊಲದ ಕೆಲಸ ಮುಗಿದ ಮೇಲೆ, ಟಿವಿ ಮತ್ತು ಡಿವಿಡಿ ಪ್ಲೇಯರ್ ಇಟ್ಟು ಹತ್ತಾರು ಜನರಿಗೆ ತೋರಿಸುತ್ತಿದ್ದರು. ಪಕ್ಕದಲ್ಲಿ ಊರಿನವರೇ ಒಬ್ಬರು ಇರುತ್ತಿದ್ದರು. ವಿಡಿಯೊ ನಿಲ್ಲಿಸುವುದು, ಅರ್ಥ ಆಯ್ತಾ ಅಂತ ಕೇಳುವುದು, ಯಾರು ಏನು ಕೇಳಿದರು, ಯಾರು ಆಮೇಲೆ ನಿಜವಾಗಿ ಮಾಡಿದರು ಅಂತ ಬರೆದಿಡುವುದು ಅವರ ಕೆಲಸ. 16 ಹಳ್ಳಿಗಳಲ್ಲಿ 13 ತಿಂಗಳು ಇದನ್ನು ಪರೀಕ್ಷೆ ಮಾಡಿದರು. ಸಿಬ್ಬಂದಿ ಹಳ್ಳಿಗೆ ಬಂದು ಹೇಳಿಕೊಡುವ ಹಳೆಯ ವಿಸ್ತರಣಾ ಪದ್ಧತಿಗಿಂತ ಕೆಲವು ವಿಧಾನಗಳನ್ನು ರೈತರು ಹಿಡಿದದ್ದು ಏಳು ಪಟ್ಟು ಜಾಸ್ತಿ. ಒಬ್ಬ ರೈತ ಹೊಸ ವಿಧಾನ ಹಿಡಿಯಲು ತಗುಲಿದ ಖರ್ಚು ಹತ್ತನೇ ಒಂದು ಪಾಲು.

ವಿಡಿಯೊ ನೋಡಿದವರು ಮೊದಲು ಕೇಳುತ್ತಿದ್ದ ಪ್ರಶ್ನೆ ಏನು ಗೊತ್ತಾ? ಈ ರೈತನ ಹೆಸರೇನು, ಅವನು ಯಾವ ಊರಿನವನು? ಗೊಬ್ಬರ ಎಷ್ಟು, ಇಳುವರಿ ಎಷ್ಟು ಎಲ್ಲ ಆಮೇಲೆ. ಅವನಿಗೆ ನಮ್ಮಂಥದ್ದೇ ಹೊಲ ಇದೆಯಾ, ನಮ್ಮಷ್ಟೇ ನೀರು ಇದೆಯಾ ಅಂತ ತೂಗಿ ನೋಡುವ ಪ್ರಶ್ನೆ ಅದು.

ಇದನ್ನು ಓದಿದಾಗ ನನಗೆ ನನ್ನ ಇಲಾಖೆಯ ದಿನಗಳು ನೆನಪಾದವು. ನಾನು 31 ವರ್ಷ ಕೃಷಿ ಸಹಾಯಕನಾಗಿ ಹಳ್ಳಿ ತಿರುಗಿದವನು. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿ ಕೇಳಿದ್ದೀರಲ್ಲ? ಒಂದೂವರೆ ಅಡಿಗೊಂದು ಗುಳಿ, ಅದರಲ್ಲಿ ಸಸಿ ನೆಡುವುದು. ಸಸಿ ಬೇರು ಬಿಟ್ಟ ಮೇಲೆ ಅದರ ಮೇಲೆ ಮರದ ಕೊರಡು ಎಳೆಯಬೇಕು. ಸಸಿ ಬಾಗುತ್ತದೆ, ಬುಡದಿಂದ ತೆಂಡೆ, ಅಂದರೆ ಮರಿ ಕವಲು, ಜಾಸ್ತಿ ಒಡೆಯುತ್ತದೆ. ಇದನ್ನು ನಾನು ಎರಡು ವರ್ಷ ಸಭೆಗಳಲ್ಲಿ ಹೇಳಿದೆ, ಕರಪತ್ರ ಹಂಚಿದೆ. ಯಾರೂ ಮಾಡಲಿಲ್ಲ. ನೆಟ್ಟ ಪೈರಿನ ಮೇಲೆ ಮರದ ದಿಮ್ಮಿ ಎಳೆ ಅಂದರೆ ಯಾರ ಕೈ ಬಂದೀತು ಹೇಳಿ! ಮೂರನೇ ವರ್ಷ ಒಬ್ಬ ವಿಧವೆ ತನ್ನ ಹತ್ತು ಗುಂಟೆಯಲ್ಲಿ ಮಾಡಿದರು. ಕೊರಡು ಎಳೆದ ದಿನ ಬೈದವರೇ ಒಂದು ತಿಂಗಳ ನಂತರ ಬದುವಿನ ಮೇಲೆ ನಿಂತು ತೆಂಡೆ ಎಣಿಸುತ್ತಿದ್ದರು. ಮುಂದಿನ ಮುಂಗಾರಿಗೆ 11 ಮನೆಯವರು ಗುಳಿ ಹೊಡೆದರು. ಅವತ್ತು ನನ್ನ ಕೈಯಲ್ಲಿ ಒಂದು ಕ್ಯಾಮೆರಾ ಇದ್ದಿದ್ದರೆ, ಆ ತಾಯಿಯ ಮಾತನ್ನು ಪಕ್ಕದ ಹೋಬಳಿಗೂ ಒಯ್ಯುತ್ತಿದ್ದೆ. ಆ ಕೊರಗು ನನಗೆ ಇವತ್ತಿಗೂ ಇದೆ.

ನಿಮ್ಮ ಕೈಯಲ್ಲಿ ಕ್ಯಾಮೆರಾ ಇದೆ. ಕೆಲಸ ಈಗಲೇ ಬಿಡಬೇಡಿ. ಒಂದು ಮುಂಗಾರು ಪೂರ್ತಿ ವಾರದ ರಜೆಗೆ ಊರಿಗೆ ಹೋಗಿ. ಆ್ಯಪ್ ತೆರೆಯುವ ಆ ಮೂವರು ಯಾರು, ಯಾಕೆ ತೆರೆಯುತ್ತಾರೆ ಕೇಳಿ. ಉಳಿದ 37 ಜನರಿಗಿಂತ ಅವರು ಮುಖ್ಯ. ಒಂದೇ ಬೆಳೆ, ಒಂದೇ ಕೆಲಸ ಆರಿಸಿಕೊಳ್ಳಿ. ನಿಮ್ಮ ಊರಿನಲ್ಲಿ ಅದನ್ನು ಚೆನ್ನಾಗಿ ಮಾಡುವವರಿಂದಲೇ ಹೇಳಿಸಿ. ಹೆಂಗಸರನ್ನು ಮರೆಯಬೇಡಿ. ಕಳೆ ತೆಗೆಯುವವರು, ಬೀಜ ಕಾಪಾಡುವವರು, ಹಸು ನೋಡಿಕೊಳ್ಳುವವರು ಅವರು. ಫೋನು ಮಾತ್ರ ಗಂಡಸರ ಜೇಬಿನಲ್ಲಿರುತ್ತದೆ. ಡಿಜಿಟಲ್ ಗ್ರೀನ್‌ನವರೂ ಈಗ ಎಐ ಬಳಸಿ ರೈತರ ಪ್ರಶ್ನೆಗೆ ಉತ್ತರ ಕೊಡುವ ಫಾರ್ಮರ್ ಚಾಟ್ ನಡೆಸುತ್ತಿದ್ದಾರೆ. ಅವರು ಅಲ್ಲಿಗೆ ಬಂದದ್ದು ಹದಿನೈದಕ್ಕೂ ಹೆಚ್ಚು ವರ್ಷ ರೈತರ ಪ್ರಶ್ನೆಗಳನ್ನು ಕೇಳಿಸಿಕೊಂಡ ಮೇಲೆ. ನೀವು ಒಂದು ತಿಂಗಳಿಗೇ ಕೈಚೆಲ್ಲಬೇಡಿ.

ಪ್ರಶ್ನೆ: ನಾವು ಮುಳಬಾಗಿಲು ಕಡೆ ಟೊಮೆಟೊ ಬೆಳೆಯುತ್ತೇವೆ. ಮೊಬೈಲಿನಲ್ಲಿ ತೋರಿಸುವ ದರ ಒಂದು, ಕೋಲಾರ ಮಂಡಿಯಲ್ಲಿ ನಮಗೆ ಸಿಗುವುದು ಇನ್ನೊಂದು. ಹಾಗಾದರೆ ದರ ನೋಡಿ ಏನು ಪ್ರಯೋಜನ?

ಉತ್ತರ: ಮೊಬೈಲಿನಲ್ಲಿ ಸಾಮಾನ್ಯವಾಗಿ ಮೂರು ದರ ಇರುತ್ತದೆ ತಾಯಿ. ಕನಿಷ್ಠ, ಗರಿಷ್ಠ, ಮತ್ತೆ ಜಾಸ್ತಿ ಮಾಲು ಮಾರಾಟವಾದ ದರ. ನಮ್ಮ ಕಣ್ಣು ಗರಿಷ್ಠದ ಮೇಲೇ ಬೀಳುತ್ತದೆ. ಮೂರನೆಯದನ್ನು ನೋಡಿ. ಅದು ಕ್ವಿಂಟಲ್ ಲೆಕ್ಕ, ನಿಮ್ಮದು 15 ಕೆಜಿ ಬಾಕ್ಸ್. ಭಾಗಿಸಿ ನೋಡಬೇಕು.

ಆದರೂ ನಿಮ್ಮ ಪ್ರಶ್ನೆ ಸರಿಯಾದದ್ದೇ. ಕೇರಳದ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳ ಬೂತಾಯಿ ಮೀನುಗಾರರ ಬಗ್ಗೆ ರಾಬರ್ಟ್ ಜೆನ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು 2007ರಲ್ಲಿ ಬರೆದಿದ್ದಾರೆ. ಅಲ್ಲಿಗೆ ಮೊಬೈಲ್ ಬಂದ ಮೇಲೆ ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು. ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಎಸೆಯುತ್ತಿದ್ದರು, ಅದು ನಿಂತೇ ಹೋಯಿತು. ಯಾಕೆ ಅಂದರೆ ದೋಣಿ ಇನ್ನೂ ನೀರಿನಲ್ಲೇ ಇರುವಾಗ ಫೋನ್ ಮಾಡಿ, ಬೆಲೆ ಇರುವ ಕಡೆಗೆ ದೋಣಿ ತಿರುಗಿಸಬಹುದಿತ್ತು. ನಿಮ್ಮ ಮಾಲು ಮಂಡಿಯಲ್ಲಿ ಇಳಿದ ಮೇಲೆ ದರ ನೋಡಿದರೆ ತಿರುಗಿಸಲು ಏನೂ ಉಳಿದಿರುವುದಿಲ್ಲ. ಅದಕ್ಕೆ ಕೊಯ್ಯುವ ಹಿಂದಿನ ದಿನವೇ ನೋಡಿ. ನಾಲ್ಕಾರು ಮನೆಯವರು ಸೇರಿ ಒಂದೇ ಗಾಡಿ ಮಾಡಿಕೊಂಡರೆ ಬೇರೆ ಮಂಡಿಗೆ ಹೋಗುವ ಶಕ್ತಿ ಬರುತ್ತದೆ. ಮಂಡಿಯವರಿಂದ ಸಾಲ ತಂದಿದ್ದರೆ ಆ ಬಾಗಿಲೂ ಮುಚ್ಚಿದ ಹಾಗೆಯೇ, ಅಲ್ವಾ? ಮೊದಲು ಅದನ್ನು ತೀರಿಸುವ ದಾರಿ ನೋಡಿ.

ಪ್ರಶ್ನೆ: ರಾತ್ರಿ ಪಾಳಿ ಕರೆಂಟಿಗೆ ಹೊಲಕ್ಕೆ ಹೋಗಲು ಭಯ. ಮೊಬೈಲ್ ಸ್ಟಾರ್ಟರ್ ಹಾಕಿಸಬಹುದಾ?

ಉತ್ತರ: ಖಂಡಿತ ಹಾಕಿಸಿ. ಪುಣೆಯ ಸಂತೋಷ್ ಓಸ್ತ್ವಾಲ್ ತಮ್ಮ ಅಜ್ಜ ಪಂಪು ಹಾಕಲು ರಾತ್ರಿ ಹೊಲಕ್ಕೆ ನಡೆಯುವುದನ್ನು ನೋಡಿಯೇ, ಫೋನಿನಿಂದಲೇ ಪಂಪು ಹಾಕುವ ನ್ಯಾನೊ ಗಣೇಶ್ ಅನ್ನುವ ಉಪಕರಣ ಮಾಡಿದರು. ಈಗ ಇಂಥವು ಹಲವು ಸಿಗುತ್ತವೆ. ಫೇಸ್ ಒಂದು ಹೋದರೆ, ನೀರು ನಿಂತರೆ ಮೋಟರ್ ತಾನೇ ನಿಲ್ಲುವಂಥದ್ದನ್ನು ಕೇಳಿ ತನ್ನಿ. ದುಡ್ಡು ಕೊಡುವ ಮೊದಲು ರಾತ್ರಿ ಅಲ್ಲ, ಹಗಲಲ್ಲೇ ಬೋರ್‌ವೆಲ್ ಹತ್ತಿರ ನಿಂತು ನಿಮ್ಮ ಫೋನಿಗೆ ಸಿಗ್ನಲ್ ಎಷ್ಟು ಕಡ್ಡಿ ಬರುತ್ತದೆ ನೋಡಿಕೊಳ್ಳಿ.