ಮೂರೂ ಕಾಫಿ ಪುಡಿಗೆ ಎಲ್ಲರೂ ‘ಚೆನ್ನಾಗಿದೆ’ ಅಂದರೆ ಏನು ಮಾಡೋದು? – ಪ್ರತಿಕ್ರಿಯೆ

ಮೂರು ಕಾಫಿ ಪುಡಿಯ ರುಚಿ ಹೇಳೋಕೆ ಎಂಟು ಜನರನ್ನು ಕರೆದಿರಿ, ಎಲ್ಲರೂ ಮೂರಕ್ಕೂ ‘ಚೆನ್ನಾಗಿದೆ’ ಅಂದರು ಅಂತ ಬರೆದಿದ್ದೀರಿ. ಅವರಲ್ಲಿ ತೋಟದ ಯಜಮಾನರು ಮೊದಲು ಬಾಯಿ ಬಿಟ್ಟಿದ್ದೇ ಕಾರಣ ಇರಬೇಕು. ಚಿಕ್ಕಮಗಳೂರಲ್ಲಿ ಹಿರಿಯರಿಗೆ ಎದುರಾಡೋಕೆ ಸಂಕೋಚ, ಕರೆದು ಕೊಟ್ಟ ಕಾಫಿಯನ್ನು ಹಳಿಯೋಕೆ ಇನ್ನೂ ಸಂಕೋಚ. ಎಂಟೂ ಜನ ಕೋಡುಬಳೆ ಹೊಗಳಿ ಎದ್ದುಹೋದರು ಅಂದಿರಲ್ಲ, ಅದೂ ಇದಕ್ಕೇ. ನಗು ಬಂದರೂ ಪಾಪ, ಅವರ ತಪ್ಪಲ್ಲ.

ಮುಂದಿನ ಸಲ ಲೋಟಕ್ಕೆ ಬರೀ ನಂಬರ್ ಹಾಕಿ. ಡಿಕಾಕ್ಷನ್, ಹಾಲು, ಸಕ್ಕರೆಯ ಅಳತೆ ಮೂರೂ ಪುಡಿಯ ಕಾಫಿಗೆ ಒಂದೇ ಥರ ಇರಲಿ, ಇಲ್ಲದಿದ್ದರೆ ಜನ ಸಕ್ಕರೆಗೇ ಮಾರ್ಕ್ಸ್ ಕೊಡುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕ್ರಮದಲ್ಲಿ ಕೊಡಿ. ಕುಡಿದ ತಕ್ಷಣ, ಮಾತು ಶುರುವಾಗುವ ಮೊದಲೇ, ಚೀಟಿಯಲ್ಲಿ ಬರೆಸಿ. ‘ಹೇಗಿದೆ’ ಅಂತ ಕೇಳಬೇಡಿ, ‘ಯಾವುದು ಬೇಡ, ಯಾಕೆ’ ಅಂತ ಕೇಳಿ. ಆಮೇಲೆ ಮಾತು. ಯಜಮಾನರ ಸರದಿ ಕೊನೆಗೆ, ತಿಂಡಿ ಅದಕ್ಕೂ ಕೊನೆಗೆ.

ಎಂಟು ಚೀಟಿ ನೋಡಿ ಊರಿನ ರುಚಿ ಹೇಳೋಕಾಗಲ್ಲ. ಚಿಕೋರಿ (ಕಾಫಿ ಪುಡಿಗೆ ಬೆರೆಸುವ ಬೇರಿನ ಪುಡಿ) ಜಾಸ್ತಿಯಾಗಿದ್ದರೆ ಮಾತ್ರ ಬಹುಶಃ ಗೊತ್ತಾಗುತ್ತದೆ.