ಬಣ್ಣದ ಕಾಮಿಕ್ಸ್ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಪ್ರಕಟಿಸಲು ಎಷ್ಟು ಹಣ ಬೇಕು?

ಮೂವತ್ತೆರಡು ಪುಟಗಳ ಬಣ್ಣದ ಕನ್ನಡ ಕಾಮಿಕ್ಸ್ ಒಂದನ್ನು ಬೆಂಗಳೂರಿನಲ್ಲಿ ಸ್ವಂತವಾಗಿ ಅಚ್ಚು ಹಾಕಿಸಿದರೆ ಎಷ್ಟು ಖರ್ಚಾಗುತ್ತದೆ, ಮಾರಾಟದಿಂದ ಆ ಹಣ ಹುಟ್ಟುತ್ತದೆಯೇ ಎಂದು ಕೇಳಿದ್ದೀರಿ. ಅಂಥದೇ ಒಂದು ಪುಸ್ತಕವನ್ನು ನಾನು ಹೊರತಂದಿರುವುದರಿಂದ ಅದರ ಲೆಕ್ಕವನ್ನೇ ಇಟ್ಟುಕೊಂಡು ಉತ್ತರಿಸುತ್ತೇನೆ. ದರಗಳು ಮುದ್ರಣಾಲಯದಿಂದ ಮುದ್ರಣಾಲಯಕ್ಕೆ ಬೇರೆಯಾಗುತ್ತವೆ, ಲೆಕ್ಕ ಹಾಕುವ ಕ್ರಮ ಮಾತ್ರ ಒಂದೇ. ಮುದ್ರಣದ ಖರ್ಚು ಹೊಸಬರು ಅಂಜುವಷ್ಟು ದೊಡ್ಡದಲ್ಲ. ಹೊರೆಯಾಗುವುದು ಚಿತ್ರ ಬರೆಸುವ ಖರ್ಚು ಮತ್ತು ಮಾರಾಟಗಾರರಿಗೆ ಬಿಟ್ಟುಕೊಡಬೇಕಾದ ರಿಯಾಯಿತಿ.

ನನ್ನ ಪುಸ್ತಕ ಕ್ರೌನ್ 1/4 (ಸುಮಾರು 7¼×9½ ಇಂಚು) ಅಳತೆಯದು. 20×30 ಇಂಚಿನ ಒಂದು ಹಾಳೆಯ ಎರಡೂ ಬದಿ ಸೇರಿ ಇಂಥ 16 ಪುಟಗಳು ಕೂರುತ್ತವೆ, ಇದಕ್ಕೆ ಒಂದು ಫಾರಂ ಎನ್ನುತ್ತಾರೆ. 32 ಪುಟಗಳಿಗೆ ಎರಡು ಫಾರಂ, ಅಂದರೆ ನಾಲ್ಕು ಬದಿಗಳು. ಪ್ರತಿ ಬದಿಗೂ ಸಯಾನ್ (ತಿಳಿನೀಲಿ), ಮೆಜೆಂಟಾ (ಗಾಢ ಗುಲಾಬಿ), ಹಳದಿ, ಕಪ್ಪು ಎಂದು ಬಣ್ಣಕ್ಕೊಂದರಂತೆ ನಾಲ್ಕು ಪ್ಲೇಟುಗಳಾದರೆ (ಅಚ್ಚಿನ ತಗಡುಗಳು) ಒಟ್ಟು 16 ಪ್ಲೇಟು. ಪ್ಲೇಟಿಗೆ 400 ರೂಪಾಯಿಯಂತೆ 6,400, ಸಾವಿರ ಪ್ರತಿಯವರೆಗಿನ ಅಚ್ಚಿನ ಕೂಲಿಯಾಗಿ ಮತ್ತೆ ಅಷ್ಟೇ. 130 ಜಿಎಸ್ಎಂ (ಚದರ ಮೀಟರಿಗೆ 130 ಗ್ರಾಂ ತೂಗುವ) ನುಣುಪಾದ ಆರ್ಟ್ ಪೇಪರಿನಲ್ಲಿ ಈ ಅಳತೆಯ ಹಾಳೆ ಸುಮಾರು 50 ಗ್ರಾಂ ತೂಗುವುದರಿಂದ, ಸಾವಿರ ಪ್ರತಿಗೆ ಬೇಕಾದ ಎರಡು ಸಾವಿರ ಹಾಳೆಗಳು ನೂರು ಕಿಲೋ, ಹಾಳಾಗುವುದೂ ಸೇರಿ 110 ಕಿಲೋ ಆಗುತ್ತವೆ. ಕಿಲೋಗೆ ನೂರು ರೂಪಾಯಿಯಂತೆ 11,000. ಲ್ಯಾಮಿನೇಷನ್ ಸಹಿತ ರಕ್ಷಾಪುಟಕ್ಕೆ 6,500, ಸೆಂಟರ್ ಪಿನ್ (ನಡುಮಡಿಕೆಗೆ ಹೊಡೆಯುವ ಪಿನ್) ಮತ್ತು ಕಟಿಂಗಿಗೆ 2,500. ಒಟ್ಟು 32,800, ಪ್ರತಿಯೊಂದಕ್ಕೆ 33 ರೂಪಾಯಿ.

ಇದೇ ಪುಸ್ತಕ 500 ಪ್ರತಿಯಾದರೆ ಪ್ಲೇಟು ಮತ್ತು ಅಚ್ಚಿನ ಕೂಲಿ ಒಂದಿಷ್ಟೂ ಇಳಿಯುವುದಿಲ್ಲ; ಸುಮಾರು 24,000 ರೂಪಾಯಿ ಬೀಳುತ್ತದೆ, ಪ್ರತಿಯ ವೆಚ್ಚ 48ಕ್ಕೆ ಏರುತ್ತದೆ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟಿನ ಗೊಡವೆಯಿಲ್ಲ, ಆದರೆ ನನಗೆ ಪ್ರತಿಯೊಂದಕ್ಕೆ 240 ರೂಪಾಯಿ ಹೇಳಿದ್ದರು. ನೂರು ಡಿಜಿಟಲ್ ಪ್ರತಿಗಳ ಹಣಕ್ಕೆ ಪ್ಲೇಟು ಬಳಸುವ ಆಫ್‌ಸೆಟ್‌ನಲ್ಲಿ ಐನೂರು ಬರುತ್ತವೆ ಎಂದಾಯಿತು. ಕಥೆ 34 ಪುಟಕ್ಕೆ ಬೆಳೆದರೆ ದಯವಿಟ್ಟು ಎರಡು ಪುಟ ಕತ್ತರಿಸಿ. ಫಾರಂ ದಾಟಿದ ಪುಟಗಳಷ್ಟು ದುಬಾರಿಯಾದದ್ದು ಈ ಕೆಲಸದಲ್ಲಿ ಬೇರೆ ಇಲ್ಲ. ಮುದ್ರಿತ ಪುಸ್ತಕಗಳ ಮಾರಾಟಕ್ಕೆ ಜಿಎಸ್‌ಟಿ ಇಲ್ಲದ ಕಾರಣ, ಮುದ್ರಣಾಲಯಕ್ಕೆ ನೀವು ಕೊಡುವ ತೆರಿಗೆಯನ್ನು ಮುಂದೆ ಹೊಂದಿಸಿಕೊಳ್ಳಲು ಬರುವುದಿಲ್ಲ. ಕೊಟೇಶನ್ನನ್ನು ತೆರಿಗೆ ಸೇರಿಸಿಯೇ ಕೇಳಿ.

ಇನ್ನು ಚಿತ್ರಗಳ ವಿಷಯ. ಪೆನ್ಸಿಲ್ ರೇಖೆ, ಶಾಯಿ, ಬಣ್ಣ, ಅಕ್ಷರಜೋಡಣೆ ಎಲ್ಲ ಸೇರಿ ಪುಟಕ್ಕೆ 2,500 ರೂಪಾಯಿಯಂತೆ 30 ಪುಟಗಳಿಗೆ ನಾನು ಕೊಟ್ಟದ್ದು 75,000, ಮುದ್ರಣದ ಎರಡು ಪಟ್ಟಿಗೂ ಮಿಗಿಲು. ಒತ್ತಕ್ಷರಗಳಿಂದಾಗಿ ಕನ್ನಡದ ಸಾಲುಗಳಿಗೆ ಎತ್ತರ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಸಂಭಾಷಣೆಯನ್ನು ಮೊದಲು ಜೋಡಿಸಿ, ಆಮೇಲೆ ಮಾತಿನ ಗುಳ್ಳೆಗಳನ್ನು ಬರೆಸುವುದು ಒಳ್ಳೆಯದು; ಇಲ್ಲವಾದರೆ ಮುಗಿದ ಚಿತ್ರವನ್ನೇ ತಿದ್ದಿಸಿ ಎರಡನೇ ಸಲ ದುಡ್ಡು ಕೊಡಬೇಕಾಗುತ್ತದೆ. ಅಕ್ಷರಗಳು ಕಪ್ಪು ಪ್ಲೇಟಿನಲ್ಲಿ ಮಾತ್ರ ಇರಲಿ. ನಾಲ್ಕೂ ಬಣ್ಣಗಳಲ್ಲಿ ಹರಡಿಕೊಂಡರೆ ಅಚ್ಚು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣ ಇಣುಕುತ್ತದೆ.

ಈಗ ಬೆಲೆ. ಮುಖಬೆಲೆ 120 ಎಂದಿಟ್ಟು ವಿತರಕರಿಗೆ ಶೇಕಡ 45 ಬಿಟ್ಟರೆ ಕೈಗೆ ಬರುವುದು 66, ಮುದ್ರಣ ಕಳೆದರೆ 33. ಈ ದಾರಿಯಲ್ಲಿ ಚಿತ್ರದ ಖರ್ಚು ಹುಟ್ಟಲು 2,270ಕ್ಕೂ ಹೆಚ್ಚು ಪ್ರತಿ ಮಾರಬೇಕು, ಅಚ್ಚಾಗಿರುವುದು ಸಾವಿರ! ನೇರವಾಗಿ ಮಾರಿದರೆ ಪ್ರತಿಗೆ 87 ಉಳಿಯುತ್ತದೆ, 860ರ ಆಸುಪಾಸಿನಲ್ಲಿ ಖರ್ಚು ಹುಟ್ಟುತ್ತದೆ. ಹಾಗಾಗಿ ಪ್ರಕಟಣಪೂರ್ವ ರಿಯಾಯಿತಿ, ಸಾಹಿತ್ಯ ಸಮ್ಮೇಳನದ ಮಳಿಗೆ, ಬೆಂಗಳೂರಿನ ಕಾಮಿಕ್ಸ್ ಮೇಳವಾದ ಕಾಮಿಕ್ ಕಾನ್ ಇವುಗಳನ್ನೇ ನೆಚ್ಚುವುದು ಲೇಸು, ಮಳಿಗೆಯ ಬಾಡಿಗೆಯನ್ನು ಇಬ್ಬರು ಮೂವರು ಹಂಚಿಕೊಂಡರೆ ಇನ್ನೂ ಲೇಸು. ಅಂಚೆಯಲ್ಲಿ ಕಳಿಸುವುದಾದರೆ 2025ರ ಮೇ ತಿಂಗಳಲ್ಲಿ ಆರಂಭವಾದ ಪುಸ್ತಕಗಳ ಅಂಚೆ ಸೇವೆ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂವರೆಗೆ 20 ರೂಪಾಯಿ ಮತ್ತು ತೆರಿಗೆ ಎಂದು ದರ ಇಡಲಾಗಿತ್ತು. ಈ ಪುಸ್ತಕ 125 ಗ್ರಾಂನಷ್ಟಿರುವುದರಿಂದ ಒಂದೇ ಲಕೋಟೆಯಲ್ಲಿ ಎರಡು ಹೋಗುತ್ತವೆ. ನಿಮ್ಮ ಪುಸ್ತಕ ಆ ಸೇವೆಗೆ ಸಲ್ಲುತ್ತದೆಯೇ ಎಂದು ಅಂಚೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅದಕ್ಕಾಗಿ ಯಾರಿಗೂ ಹಣ ಕೊಡಬೇಡಿ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಯ ನಾಲ್ಕು ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನು ಸ್ವಂತ ಖರ್ಚಿನಲ್ಲಿ ಕಳಿಸಬೇಕು.

ನಿಮ್ಮ ಕೈಯಲ್ಲಿ ಲಕ್ಷ ರೂಪಾಯಿ ಇಲ್ಲದಿದ್ದರೆ, ಕಥೆ ಚಿಕ್ಕ ಮಕ್ಕಳಿಗಾಗಿ ಅಲ್ಲದಿದ್ದರೆ, ಒಳಪುಟಗಳನ್ನು ಕಪ್ಪು ಬಿಳುಪಿನಲ್ಲಿ ತರುವುದನ್ನು ಯೋಚಿಸಿ. ಆಗ 16 ಪ್ಲೇಟುಗಳ ಜಾಗದಲ್ಲಿ ನಾಲ್ಕೇ ಸಾಕು, ಆರ್ಟ್ ಪೇಪರಿನ ಬದಲು ಹೊಳಪಿಲ್ಲದ ಸಾದಾ ಕಾಗದವಾದ ಮ್ಯಾಪ್‌ಲಿಥೋ ನಡೆಯುತ್ತದೆ, ಬಣ್ಣ ತುಂಬುವ ಸಂಭಾವನೆಯೂ ಉಳಿಯುತ್ತದೆ. ರಕ್ಷಾಪುಟವನ್ನು ಮಾತ್ರ ಬಣ್ಣದಲ್ಲೇ ಮಾಡಿಸಿ.